ಕಿಟ್ಲಿ ಸಿಕ್ಕಿತು, ಆ ಗ್ಲಾಸೆಲ್ಲಿ?

ನನ್ನ ಹಾಸ್ಟೆಲ್ ಕೋಣೆಯ ಕಪಾಟಿನಲ್ಲಿ 14 ಹಳೆಯ ಚಹಾ ಕಿಟ್ಲಿಗಳಿವೆ. ಕೆಲವನ್ನು ಗಂಗಾವತಿಯ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡೆ. ಒಂದು ಯಲಬುರ್ಗಾದ ಮನೆಯ ಅಟ್ಟದಿಂದ ಇಳಿಯಿತು. ಮೂತಿ ಮುರಿದ ಪಿಂಗಾಣಿಯದೂ ಒಂದಿದೆ, ಅದರ ಮೇಲೆ ನನಗೆ ವಿಶೇಷ ಮೋಹ. ಆದ್ದರಿಂದ ಮುಂದಿನ ಮಾತುಗಳನ್ನು ಸಂಗ್ರಹದ ಹುಚ್ಚಿಲ್ಲದವನ ಉಪದೇಶ ಎಂದುಕೊಳ್ಳಬೇಡಿ.

ನನ್ನ ತಕರಾರು ನಮ್ಮ ಹಳಹಳಿಕೆಯ ಬಗ್ಗೆ. ಹಿತ್ತಾಳೆ ಕಿಟ್ಲಿಯ ಫೋಟೊ ಹಾಕುವುದು, ಕೆಳಗೆ ‘ಆ ಕಾಲದಲ್ಲಿ ಊರ ಹೋಟೆಲಿನ ಬೆಂಚಿನ ಮೇಲೆ ಎಲ್ಲರೂ ಕೂಡಿ ಚಹಾ ಕುಡಿಯುತ್ತಿದ್ದರು’ ಎಂದು ಬರೆಯುವುದು ಈಗೊಂದು ರೂಢಿ. ಎಲ್ಲರೂ ಅಂದರೆ ಯಾರು?

ಕುಷ್ಟಗಿ ಕಡೆಯ ಹಳ್ಳಿಯೊಂದರಲ್ಲಿ, ಬಹಳ ಹಿಂದೆ ಹೋಟೆಲ್ ನಡೆಸಿದ್ದ ಅಜ್ಜನೊಬ್ಬರು ತಮ್ಮ ಕಿಟ್ಲಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕೈಗಿಟ್ಟರು. ಕಪ್ಪು ಬಸಿಯೂ ಸಿಕ್ಕವು. ‘ಅಜ್ಜಾರ, ಹೊರಗ ಇಡತಿದ್ದ ಗ್ಲಾಸ್ ಅದಾವೇನ್ರಿ?’ ಎಂದೆ. ಅವರಿಗೆ ಪ್ರಶ್ನೆ ಕೂಡಲೇ ಅರ್ಥವಾಯಿತು. ‘ಅವನ್ನ ಯಾರ್ ಇಟ್ಕೋತಾರ ತಮ್ಮಾ? ಕಿಟ್ಲಿಗೆ ರೊಕ್ಕ ಬರತೈತಿ, ಅವಕ್ಕೇನ್ ಬರತೈತಿ?’ ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ದಲಿತರು ತಾವೇ ತೊಳೆದು ಸೂರಿನಡಿ ಬೋರಲು ಹಾಕಿ ಹೋಗುತ್ತಿದ್ದ ಆ ಗ್ಲಾಸುಗಳಿಗೆ ಮಾರುಕಟ್ಟೆಯಿಲ್ಲ. ಹಾಗಾಗಿ ಅವು ನಮ್ಮ ಸಂಗ್ರಹದಲ್ಲೂ ಇಲ್ಲ, ಬರಹದಲ್ಲೂ ಇಲ್ಲ.

ಚಹಾ ನಮ್ಮ ಹಳೆಯ ಪದ್ಧತಿಯೇನೂ ಅಲ್ಲ. ಅದರ ಪ್ರಚಾರಕ್ಕೆಂದೇ ಬ್ರಿಟಿಷ್ ಸರ್ಕಾರ 1903ರಲ್ಲಿ ಸೆಸ್ ಕಾಯ್ದೆ ತಂದಿತ್ತು. ಯಾವ ಶಾಸ್ತ್ರದಲ್ಲೂ ಹೆಸರಿಲ್ಲದ ಪಾನೀಯ ಅದು. ಆದರೂ ಹಳ್ಳಿಗೆ ಬಂದದ್ದೇ ತಡ, ಅದಕ್ಕೊಂದು ಒಳಗು, ಒಂದು ಹೊರಗು ಹುಟ್ಟಿಕೊಂಡಿತು.

ಇದೆಲ್ಲ ಅಜ್ಜನ ಕಾಲದ ಮಾತು ಎನ್ನುವವರು ಮರಕುಂಬಿಯನ್ನು ನೆನೆಯಲಿ. ಗಂಗಾವತಿ ತಾಲ್ಲೂಕಿನ ಆ ಊರಿನಲ್ಲಿ ಹೋಟೆಲಿಗೂ ಕ್ಷೌರದಂಗಡಿಗೂ ಪ್ರವೇಶವಿಲ್ಲವೆಂದು ದಲಿತರು ದನಿಯೆತ್ತಿದ್ದರು. 2014ರ ಆಗಸ್ಟ್ 28ರಂದು ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ, ಜಾಮೀನು ನಂತರದ ಕಥೆ. ನನ್ನ ಕಪಾಟಿನ ಎರಡು ಕಿಟ್ಲಿಗಳು ಅದೇ ತಾಲ್ಲೂಕಿನವು.

‘ವಸ್ತುವಿಗೆಲ್ಲಿಯ ಜಾತಿ? ಅಂದ ನೋಡು, ಸಾಕು’ ಎಂದು ಗೆಳೆಯನೊಬ್ಬ ವಾದಿಸಿದ. ಅವನಿಗೆ ಸಾಲಾರ್ ಜಂಗ್ ಕಥೆ ಹೇಳಿದೆ. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಆ ಮ್ಯೂಸಿಯಂನಲ್ಲಿ ಯುರೋಪಿನ ಪಿಂಗಾಣಿ ನೋಡಿ ನಾನೂ ಮೈಮರೆತು ನಿಂತವನೇ. ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್ ಜಂಗ್ ಮನೆತನದ ಜಾಗೀರು. ಮಳೆ ನಂಬಿ ಜೋಳ ಬಿತ್ತಿದ ನಮ್ಮವರ ಕಂದಾಯವೂ ಆ ಮನೆತನದ ಖಜಾನೆ ಸೇರಿತ್ತು. ಪಿಂಗಾಣಿಯ ಮುಂದಿನ ಫಲಕಗಳಲ್ಲಿ ನನ್ನ ಜಿಲ್ಲೆಯ ಹೆಸರು ಹುಡುಕಿದೆ, ಕಾಣಲಿಲ್ಲ. ಗೆಳೆಯ ಇದಕ್ಕೆ ‘ಅನ್ಯಾಯ’ ಅಂದ. ಕಂದಾಯ ಕಟ್ಟಿದವರ ಹೆಸರು ಫಲಕದಲ್ಲಿಲ್ಲದ್ದು ಅನ್ಯಾಯವಾದರೆ, ಹೊರಗೆ ಕೂತು ಕುಡಿದವರು ನಮ್ಮ ಶೀರ್ಷಿಕೆಯಲ್ಲಿಲ್ಲದ್ದು ಏನು? ಜಾಗೀರದಾರರ ಮೇಲೆ ಬರುವ ಸಿಟ್ಟು ನಮ್ಮೂರ ಹೋಟೆಲಿನ ಮೇಲೆ ಯಾಕೆ ಬರುವುದಿಲ್ಲ?

ಕಿಟ್ಲಿ ಕೂಡಿಸಬೇಡಿ ಎನ್ನುತ್ತಿಲ್ಲ. ನಾನೂ ಬಿಡುವವನಲ್ಲ. ಆದರೆ ಕೊಳ್ಳುವಾಗ ಲೋಹ ಯಾವುದು, ಎಷ್ಟು ವರ್ಷದ್ದು ಎಂದು ಕೇಳುವಷ್ಟೇ ಸಲೀಸಾಗಿ ಇದರ ಚಹಾವನ್ನು ಯಾರು ಎಲ್ಲಿ ಕೂತು ಕುಡಿದರು ಎಂದೂ ಕೇಳಿ, ಬರೆದಿಡಿ. ಮಾರಿದವರನ್ನಷ್ಟೇ ಅಲ್ಲ, ಕೇರಿಯ ಹಿರಿಯರನ್ನೂ ಕೇಳಿ.

ಕಳೆದ ತಿಂಗಳಿಂದ ನನ್ನ 14 ಕಿಟ್ಲಿಗಳ ಊರುಗಳಿಗೆ ಮತ್ತೆ ಹೋಗುತ್ತಿದ್ದೇನೆ. ಆರು ಮುಗಿದಿವೆ. ಒಬ್ಬರು ರೊಕ್ಕ ವಾಪಸ್ ಕೊಡುತ್ತೇನೆ, ಕಿಟ್ಲಿ ತಂದುಕೊಡು, ಹೆಸರು ಮಾತ್ರ ಬರೆಯಬೇಡ ಅಂದರು.