ಗೋಪುರದ ನಕಾಶೆಯಲ್ಲಿ ನಮ್ಮ ಚಾಪೆ ಎಲ್ಲಿ?



ದೊಡ್ಡ ರೈಲ್ವೆ ನಿಲ್ದಾಣಗಳ ಮಗ್ಗುಲಲ್ಲಿ ಮುಗಿಲೆತ್ತರದ ಕಟ್ಟಡವೆಬ್ಬಿಸಿ ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ ಮಾಡುವುದು ಈಗಿನ ನಗರಶಾಸ್ತ್ರವಂತೆ. ಅದಕ್ಕೆ ‘ಮಿಶ್ರ ಬಳಕೆ’ ಎಂದು ಹೆಸರಿಟ್ಟು, ಹೊಸತೇನನ್ನೋ ಕಂಡುಹಿಡಿದವರಂತೆ ಮಾತಾಡುತ್ತಾರೆ. ಲಾಲಬಾಗ, ಪರೇಲಿನ ಚಾಳುಗಳು ಮತ್ತೇನಾಗಿದ್ದವು? ಕೆಳಗೆ ಕಿರಾಣಿ, ಖಾನಾವಳಿ, ವ್ಯಾಯಾಮಶಾಲೆ. ಮೇಲೆ ಒಂದೊಂದು ಖೋಲಿಯಲ್ಲಿ ಪಾಳಿ ಹಾಕಿ ಮಲಗುವ ಗಿರಣಿಯವರು. ಮಾಟುಂಗಾ ಸ್ಟೇಷನ್ನಿನ ಬಳಿ 1942ರಲ್ಲಿ ಎ. ರಾಮ ನಾಯಕರು ಕಟ್ಟಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೂ ಮಾಳಿಗೆಯ ಮೆಟ್ಟಿಲು ಹತ್ತಿಯೇ ಹೋಗಬೇಕು. ಮಿಶ್ರ ಬಳಕೆ ನಮಗೆ ಹೊಸದಲ್ಲ. ಆ ಮಿಶ್ರಣದಿಂದ ನಮ್ಮನ್ನು ಮಾತ್ರ ಸೋಸಿ ತೆಗೆದಿರುವುದು ಹೊಸದು.

ಹೇಗೆ ಸೋಸಿದರು ಎಂಬುದನ್ನು ಗಿರಣಿ ಬಂಧುಗಳು ಬಲ್ಲರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ನಿಂತ ಮಗ್ಗಗಳಲ್ಲಿ ಎಷ್ಟೋ ಮತ್ತೆ ತಿರುಗಲೇ ಇಲ್ಲ. 1991ರ ನಿಯಮವು ಗಿರಣಿ ಜಮೀನನ್ನು ಮೂರು ಪಾಲು ಮಾಡಿತ್ತು: ಒಂದು ಊರಿನ ಬಯಲಿಗೆ, ಒಂದು ಸರ್ಕಾರಿ ವಸತಿಗೆ, ಒಂದು ಧಣಿಗೆ. 2001ರ ತಿದ್ದುಪಡಿಯು ಕಟ್ಟಡವಿಲ್ಲದ ಖಾಲಿ ನೆಲವನ್ನಷ್ಟೇ ಪಾಲಿಗೆ ಹಿಡಿದರೆ ಸಾಕೆಂದಿತು. ಉಚ್ಚ ನ್ಯಾಯಾಲಯ 2005ರಲ್ಲಿ ಜನರ ಪರವಾಗಿ ಹೇಳಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಒಂದು ಶಬ್ದದ ಅರ್ಥ ಬದಲಾದದ್ದಕ್ಕೆ ಎಷ್ಟು ಸಂಸಾರಗಳ ಮನೆ ಹೋಯಿತು!

ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಬದಿಯಲ್ಲಿ ಎಲ್ಫಿನ್‌ಸ್ಟನ್, ಜ್ಯುಪಿಟರ್ ಗಿರಣಿಗಳ ಜಾಗದಲ್ಲಿ ಗಾಜಿನ ಗೋಪುರಗಳೆದ್ದವು. ಸಾವಿರಾರು ಜನ ಅಲ್ಲಿಗೆ ಕೆಲಸಕ್ಕೆ ಬರತೊಡಗಿದರು. ಅವರು ಇಳಿದು ನಡೆಯುವ ಪಾದಚಾರಿ ಸೇತುವೆ ಮಾತ್ರ ಹಿಂದಿನಷ್ಟೇ ಇಕ್ಕಟ್ಟು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯಲ್ಲಿ, ಆ ಸೇತುವೆಯ ಮೇಲೆ 23 ಮಂದಿ ಕಾಲ್ತುಳಿತಕ್ಕೆ ಸತ್ತರು. ಆಮೇಲೆ ಸೈನ್ಯವನ್ನು ಕರೆದು ಕೆಲವೇ ತಿಂಗಳಲ್ಲಿ ಹೊಸ ಸೇತುವೆ ಕಟ್ಟಿಸಿದರು. ಅಂದಮೇಲೆ ಕಟ್ಟಲು ಆಗುತ್ತಿತ್ತು! ಗೋಪುರ ಏಳುವ ಮೊದಲು ಯಾಕೆ ಆಗಲಿಲ್ಲ?

ಈಗ ನಮ್ಮ ವಿಕ್ರೋಳಿಗೆ ಬನ್ನಿ. ಬುಲೆಟ್ ರೈಲಿನ 21 ಕಿಲೋಮೀಟರ್ ಸುರಂಗಕ್ಕೆಂದು ಇಲ್ಲಿ ಸುಮಾರು 56 ಮೀಟರ್ ಆಳದ ಬಾವಿ ತೋಡಿದ್ದಾರೆ. ಸುರಂಗದ ಆಚೆ ತುದಿಯಲ್ಲಿ, ಬಾಂದ್ರಾ-ಕುರ್ಲಾ ಸಂಕುಲದಲ್ಲಿ, ನೆಲದಡಿಯ ನಿಲ್ದಾಣ. ಅದರ ಅಡಿಪಾಯವನ್ನು ಮೇಲೆ 95 ಮೀಟರ್ ಎತ್ತರದ ಕಟ್ಟಡ ತಾಳುವಂತೆ ಯೋಜಿಸಿದ್ದಾರೆ. ಗುಂಡಿ ನಮ್ಮಲ್ಲಿ, ಗೋಪುರ ಅಲ್ಲಿ! ಅದಿರಲಿ. ಆ ಗೋಪುರದಲ್ಲಿ ಹೋಟೆಲು ಬರುವುದಂತೂ ಖಂಡಿತ. ಅಲ್ಲಿ ರಾತ್ರಿ ಹನ್ನೆರಡಕ್ಕೆ ಕೊನೆಯ ಮೇಜು ಒರೆಸುವವನು, ಒಂದು ಗಂಟೆಗೆ ಪಾತ್ರೆ ತೊಳೆದು ಮುಗಿಸುವವನು ಮಲಗುವುದೆಲ್ಲಿ? ಅಷ್ಟು ಹೊತ್ತಿಗೆ ಲೋಕಲ್ ನಿಂತಿರುತ್ತದೆ.

ರೈಲಿನ ಹತ್ತಿರ ಜನ ವಾಸಿಸಿದರೆ ಕಾರು ಬೇಡವೆಂಬುದು ಇಂಥ ಕಟ್ಟಡಕ್ಕೆ ಕೊಡುವ ಕಾರಣ. ಆದರೆ ಈ ಊರಿನ ಗೋಪುರಗಳಲ್ಲಿ ಕಾರು ನಿಲ್ಲಿಸಲೆಂದೇ ಮಹಡಿ ಮಹಡಿಗಳನ್ನು ಬಿಡುತ್ತಾರೆ. ಕಾರಿಗೆ ತಾರಸಿಯಡಿ ಜಾಗ, ಸಪ್ಲಾಯರ್ ಹುಡುಗನಿಗೆ ಮೆಟ್ಟಿಲ ಸಂದು.

ನಿಲ್ದಾಣದ ನೆಲ ಚಿನ್ನದಂಥದು, ಅಲ್ಲಿ ಕೆಲಸಗಾರನಿಗೆ ಖೋಲಿ ಕೊಟ್ಟರೆ ಲೆಕ್ಕ ಕೂಡದು ಎನ್ನುವವರಿದ್ದಾರೆ. ಸ್ವಾಮಿ, ಆ ನೆಲಕ್ಕೆ ಬೆಲೆ ತಂದವರು ಯಾರು? ದಿನಾ ಅಲ್ಲಿ ಹತ್ತಿ ಇಳಿಯುವ ನಾವೇ ಅಲ್ಲವೇ? ಸರ್ಕಾರದ ನೆಲದ ಮೇಲೆ ಏಳುವ ಗೋಪುರದಲ್ಲಿ, ಅಲ್ಲಿಯೇ ದುಡಿಯುವವರ ವಸತಿಗೆ ಇಂತಿಷ್ಟು ಮಹಡಿ ಎಂದು ನಕಾಶೆಯಲ್ಲಿ ಮೊದಲೇ ಬರೆದಿರಬೇಕು. ಭರವಸೆಯ ಮಾತು ಬೇಡ, ಗೆರೆ ಬೇಕು. ನಡೆಯುವ ದಾರಿ ಅಗಲವಾಗುವವರೆಗೆ ಒಂದು ಮಹಡಿಯನ್ನೂ ಮಾರಕೂಡದು.

1966ರ ಮಹಾರಾಷ್ಟ್ರ ನಗರ ಯೋಜನಾ ಕಾಯಿದೆಯಂತೆ ಯೋಜನೆ ತಿದ್ದುವ ಮುನ್ನ ಜನರ ಆಕ್ಷೇಪ ಕೇಳಿ ಪ್ರಕಟಣೆ ಹೊರಡಿಸಬೇಕು. ಅದು ಮರಾಠಿ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದು ಹೋಗುತ್ತದೆ. ನಮ್ಮಲ್ಲಿ ಯಾರೂ ಓದುವುದಿಲ್ಲ. ಗಲ್ಲೆಯ ಮೇಲೆ ಬೀಳುವ ಪೇಪರನ್ನು ವಡೆ ಕಟ್ಟುವ ಮುಂಚೆ ಒಮ್ಮೆ ನೋಡಿರಿ. ಕಂಡವರು ಕತ್ತರಿಸಿ ಸಂಘದ ಕಚೇರಿಗೆ ತನ್ನಿರಿ. ಅರ್ಜಿ ನಾವು ಬರೆಯುತ್ತೇವೆ, ಸಹಿ ನಿಮ್ಮದು.