ಸದ್ದು ಹೆಚ್ಚಿಸುವ ಮುನ್ನ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳ ಮುಂದೆ ಸಾಯಂಕಾಲ ಸಾಲಾಗಿ ನಿಲ್ಲುವ ಮೋಟಾರು ಸೈಕಲ್ಲುಗಳಲ್ಲಿ ಹಾಡತಕ್ಕವೂ ಕೆಲವುಂಟು. ಹೋಂಡಾ ಗೋಲ್ಡ್‌ವಿಂಗ್‌ನಂಥ ದೊಡ್ಡ ಪ್ರವಾಸಿ ವಾಹನಗಳಿಗೆ ಕಾರ್ಖಾನೆಯಲ್ಲಿಯೇ ಸ್ಟೀರಿಯೋ ಕೂಡಿಸಿರುತ್ತಾರೆ. ನಮ್ಮ ಮಲೆನಾಡಿನ ತರುಣರಾದರೋ ಅಂಗಡಿಯಿಂದ ಪುಟ್ಟ ಸ್ಟೀರಿಯೋ ಒಂದನ್ನು ತಂದು ತಮ್ಮ ಸಣ್ಣ ವಾಹನಕ್ಕೆ ಕಟ್ಟಿಕೊಳ್ಳುತ್ತಾರೆ. ಎರಡರಲ್ಲಿಯೂ ಮುಂದಿನ ಹೆಜ್ಜೆ ಒಂದೇ: ಇದ್ದ ಸದ್ದು ಸಾಲದೆ, ಬೇರೊಂದು ಆಂಪ್ಲಿಫೈಯರನ್ನು ತಂದು ಅದಕ್ಕೆ ಜೋಡಿಸುವುದು.

ಇದನ್ನು ಕಂಡು ಹಿರಿಯರು ಗದರುತ್ತಾರೆ. ನಾವು ಗದರಲು ಹೊರಟಿಲ್ಲ. ಮೊದಲು ಅಳೆದು, ಲೆಕ್ಕಮಾಡಿ, ಆಮೇಲೆ ತಂತಿಯನ್ನು ಮುಟ್ಟಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ. ಹಾಗೆ ಲೆಕ್ಕ ಮಾಡಿದವನು ಸದ್ದು ಹೆಚ್ಚಿಸುವ ಆಸೆಯನ್ನೇ ಅರ್ಧ ಬಿಟ್ಟರೂ ಆಶ್ಚರ್ಯವಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಸತ್ತ ಸ್ಟೀರಿಯೋ ಒಂದನ್ನು ಹಿಡಿದುಕೊಂಡು ಬಂದನು. ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಕಪ್ಪು ಗೆರೆಯುಳ್ಳದ್ದು 'ಭೂಮಿ' ಎಂದು ತಿಳಿದು, ಅದನ್ನು ಆಂಪ್ಲಿಫೈಯರಿನ ಮೂಲಕ ವಾಹನದ ಚೌಕಟ್ಟಿಗೆ ಸೇರಿಸಿದ್ದನು. ಒಳಗಿನ ಚಿಪ್ಪು ಸುಟ್ಟುಹೋಗಿತ್ತು. ಈಗಿನ ಬಹುತೇಕ ವಾಹನ ಸ್ಟೀರಿಯೋಗಳಲ್ಲಿ ಸ್ಪೀಕರನ್ನು ಎರಡು ತುದಿಗಳಿಂದಲೂ ನಡೆಸುತ್ತಾರೆ. ಒಂದು ತಂತಿಯ ವಿಭವ ಏರಿದಾಗ ಇನ್ನೊಂದರದು ಇಳಿಯುತ್ತದೆ. ಸ್ಟೀರಿಯೋ ಚಾಲೂ ಇದ್ದು ಹಾಡು ಮಾತ್ರ ನಿಂತಿರುವಾಗ ವೋಲ್ಟ್ ಮಾಪಕ ಹಿಡಿದು ನೋಡಿರಿ: ಎರಡು ತಂತಿಗಳ ನಡುವೆ ಸೊನ್ನೆ, ಆದರೆ ಯಾವುದೇ ತಂತಿಗೂ ಚೌಕಟ್ಟಿಗೂ ನಡುವೆ ಸುಮಾರು 6 ವೋಲ್ಟ್! ಎರಡರಲ್ಲಿ ಯಾವುದೂ ಭೂಮಿಯಲ್ಲ. ಸ್ಪೀಕರ್ ತಂತಿಗಳನ್ನೇ ಸ್ವೀಕರಿಸಲು ರಚಿಸಿದ ಆಂಪ್ಲಿಫೈಯರನ್ನು ಬಳಸಬೇಕು. ಇಲ್ಲವೆ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರಿರುವ ಪರಿವರ್ತಕವನ್ನು ಇಡಬೇಕು.

ಆ ಹುಡುಗನಿಗೆ ವಿಭವಾಂತರದ ವ್ಯಾಖ್ಯೆ ಬಾಯಿಪಾಠವಾಗಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕಗಳನ್ನು ನಾವೇ ಕೊಟ್ಟಿದ್ದೆವು. ವಿಭವವನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೆಂಬುದನ್ನು ಕಪ್ಪುಹಲಗೆಯಿಂದ ಇಳಿಸಿ ಕೈಗೆ ಕೊಡದಿದ್ದುದು ನಮ್ಮ ದೋಷ, ಅವನದಲ್ಲ.

ಇನ್ನು ಶಕ್ತಿಯ ವಿಚಾರ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟನ್ನು ಸಾಗರದ ಮಕ್ಕಳೆಲ್ಲರೂ ಬಲ್ಲರು. ಅಲ್ಲಿ ಬೆರಳೊಂದು ಗುಂಡಿಯನ್ನೊತ್ತಿದರೆ ಬಾಗಿಲು ಎದ್ದು ನೀರು ಭೋರ್ಗರೆದು ಹೊರಬೀಳುತ್ತದೆ. ಆ ನೀರನ್ನು ಕೊಟ್ಟದ್ದು ಬೆರಳಲ್ಲ, ಮಳೆ. ಆಂಪ್ಲಿಫೈಯರೂ ಅಂಥ ಬಾಗಿಲೇ. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಬ್ಯಾಟರಿಯಲ್ಲಿರುವುದನ್ನು ಹಾಡಿನ ಅಪ್ಪಣೆಯಂತೆ ಹರಿಯಬಿಡುತ್ತದೆ.

ಎಷ್ಟು ಹರಿಯಬೇಕು? 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನಡೆಯುವ ಸ್ಟೀರಿಯೋ 4 ಓಮಿನ ಸ್ಪೀಕರೊಂದಕ್ಕೆ ಹೆಚ್ಚೆಂದರೆ 20 ವಾಟಿನಷ್ಟು ಶುದ್ಧನಾದವನ್ನು ಕೊಡಬಲ್ಲುದು. ಪೆಟ್ಟಿಗೆಯ ಮೇಲೆ ಎಷ್ಟು ನೂರು ವಾಟೆಂದು ಅಚ್ಚಾಗಿದ್ದರೂ ಸರಿಯೇ. ಅದು ಕಿವಿಗೆ ಇಮ್ಮಡಿಯಾಗಿ ಕೇಳಬೇಕಾದರೆ 40 ವಾಟು ಸಾಕೆಂದು ತರುಣರು ಭಾವಿಸುತ್ತಾರೆ. ಕಿವಿಯ ಗಣಿತ ಬೇರೆ. ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಇಮ್ಮಡಿ ಕೇಳಿಸಲು ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ, 200 ವಾಟು ಬೇಕು. ಆಂಪ್ಲಿಫೈಯರಿನ ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ ಬ್ಯಾಟರಿಯಿಂದ 250 ವಾಟು, ಸುಮಾರು 20 ಆಂಪಿಯರು ಹರಿಯಬೇಕು. ಸಣ್ಣ ವಾಹನದ 5 ಆಂಪಿಯರ್-ಗಂಟೆಯ ಬ್ಯಾಟರಿಗೆ ಇದು ಕಾಲು ಗಂಟೆಯ ಕೆಲಸವೂ ಅಲ್ಲ. ಹಾಡು ಸದಾ ಗರಿಷ್ಠ ಮಟ್ಟದಲ್ಲಿರುವುದಿಲ್ಲ, ನಿಜ. ಆದರೂ ಡೊಳ್ಳಿನ ಪೆಟ್ಟು ಪೆಟ್ಟಿಗೂ ಮುಂದೀಪ ಮಂಕಾಗುವುದುಂಟು. ರಾತ್ರಿಯ ಕಾಡುದಾರಿಯಲ್ಲಿ ಅದು ವಿನೋದವಲ್ಲ.

ನಮ್ಮ ಸೀಮೆಯಲ್ಲಿ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗುಂಬೆ, ಹುಲಿಕಲ್ಲುಗಳ ಮಳೆಯಲ್ಲಿ, ಬರಿಗೈಯಿಂದ ತಿರುಚಿ ಟೇಪು ಸುತ್ತಿದ ತಾಮ್ರದ ಗಂಟು ಬೇಗನೆ ಹಸುರುಗಟ್ಟುತ್ತದೆ. ಅದರ ರೋಧ ಕೇವಲ 0.1 ಓಮ್ ಆದರೂ 10 ಆಂಪಿಯರು ಹರಿದಾಗ ಅಲ್ಲಿ 10 ವಾಟು ಶಾಖ ಹುಟ್ಟುತ್ತದೆ, ಅದೂ ಪೆಟ್ರೋಲು ಟ್ಯಾಂಕಿನ ಕೆಳಗೆ! ಆದುದರಿಂದ ತಂತಿ ದಪ್ಪವಾಗಿರಬೇಕು. ಗಂಟುಗಳಿಗೆ ಬೆಸುಗೆ ಹಾಕಿ ನೀರು ತಾಗದಂತೆ ಮುಚ್ಚಬೇಕು. ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರಬೇಕು. ಫ್ಯೂಸು ಕಾಯತಕ್ಕದ್ದು ಆಂಪ್ಲಿಫೈಯರನ್ನಲ್ಲ, ತಂತಿಯನ್ನು.

ಇಷ್ಟೆಲ್ಲ ಮಾಡಿ ಓಡಿಸಿದರೆ ದೊರೆಯುವ ಸುಖವೇನು? ಗಂಟೆಗೆ ಸುಮಾರು 65 ಕಿಲೋಮೀಟರು ವೇಗವನ್ನು ಮೀರಿದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 90 ಡೆಸಿಬೆಲ್ಲನ್ನು ದಾಟುತ್ತದೆ. ಹಾಡು ಕೇಳಬೇಕಾದರೆ ಅದನ್ನೂ ಮೀರಬೇಕು. 85 ಡೆಸಿಬೆಲ್ಲಿಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಅದರ ಅರ್ಧ ಎಂಬುದು ಔದ್ಯೋಗಿಕ ಆರೋಗ್ಯ ತಜ್ಞರ ಲೆಕ್ಕ. 94 ಡೆಸಿಬೆಲ್ಲಿಗೆ ಉಳಿಯುವುದು ಒಂದೇ ಗಂಟೆ. ಒಮ್ಮೆ ಹೋದ ಶ್ರವಣಶಕ್ತಿಗೆ ಫ್ಯೂಸು ಬದಲಾಯಿಸುವಂತಿಲ್ಲ. ಮೇಲಾಗಿ ಘಾಟಿಯ ತಿರುವಿನಾಚೆಯ ಬಸ್ಸು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಬೇಕು.

ಹಾಗಾದರೆ ಆಂಪ್ಲಿಫೈಯರು ಬೇಡವೇ? ನಿಂತ ವಾಹನದ ಬಳಿ, ಗೆಳೆಯರ ನಡುವೆ, ಇತರರ ನಿದ್ದೆಗೂ ಓದಿಗೂ ಅಡ್ಡಿಯಾಗದಂತೆ ಇರಲಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿವೆಯೆಂಬುದೂ ನೆನಪಿರಲಿ. ಅಧ್ಯಾಪಕ ಮಿತ್ರರಲ್ಲಿ ನಮ್ಮ ಬಿನ್ನಹವೊಂದುಂಟು. ಆ ಮೋಟಾರು ಸೈಕಲ್ಲನ್ನು ಪ್ರಯೋಗಶಾಲೆಯ ಬಾಗಿಲಿಗೆ ತರಿಸಿ, ಮಾಪಕವನ್ನು ಹುಡುಗನ ಕೈಗೇ ಕೊಡಿರಿ. ನಮ್ಮ ವಿದ್ಯಾರ್ಥಿಯು ಹಾಗೆ ಅಳೆದು ಮತ್ತೆ ಜೋಡಿಸಿದನು. ಈಗ ಅವನ ಸ್ಟೀರಿಯೋ ಹಾಡುತ್ತಿದೆ. ವಾಹನ ರಸ್ತೆಗಿಳಿದೊಡನೆ ಅವನೇ ಅದನ್ನು ಆರಿಸುತ್ತಾನೆ.