ಸ್ಕ್ಯಾನ್ ನಾರ್ಮಲ್ ಬಂದರೆ ಗಾಳಿ ಸೋಂಕೇ?



ಕೊರಳಲ್ಲಿ ಇಷ್ಟಲಿಂಗ, ತೋಳಿನಲ್ಲಿ ತಾಯಿತ. ನಮ್ಮ ಸಂಬಂಧಿಕರ ಮನೆಯ ಇಪ್ಪತ್ತೆರಡು ವರ್ಷದ ಹುಡುಗನನ್ನು ಕಳೆದ ವರ್ಷ ನಾನು ಕಂಡದ್ದು ಹೀಗೆ. ಯಾರೂ ಇಲ್ಲದ ಕಡೆ ಅವನಿಗೆ ಬೈಗುಳ ಕೇಳಿಸುತ್ತಿತ್ತು. ವೈದ್ಯರು ಸ್ಕಿಜೋಫ್ರೇನಿಯಾ, ಅಂದರೆ ಇಚ್ಚಿತ್ತ ವಿಕಲತೆ ಎಂದು ಗುರುತಿಸಿ ಮಾತ್ರೆ ಬರೆದಿದ್ದರು. ಮನೆಯವರು ಸಾಲ ಮಾಡಿ ತಲೆಯ ಎಂಆರ್‌ಐ ಮಾಡಿಸಿದರು. ವರದಿ ನಾರ್ಮಲ್ ಬಂತು. "ಮಿದುಳಲ್ಲಿ ಏನೂ ಇಲ್ಲವಂತೆ, ಹಾಗಾದರೆ ಇದು ಗಾಳಿಯೇ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಪ್ರತಿ ಬಸವ ಜಯಂತಿಗೂ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವವರು ಇವರೇ! ಏಳು ತಿಂಗಳು ಮಾತ್ರೆ ನಿಂತಿತು.

ನಾನು ವೈದ್ಯನಲ್ಲ, ಕಾಲುವೆ ಕಟ್ಟಿಸಿದ ಎಂಜಿನಿಯರ್. ಕಾಲುವೆಯ ನಕ್ಷೆಯಲ್ಲಿ ಅಗಲ, ಆಳ ಕಾಣುತ್ತದೆ. ಇಂದು ಎಷ್ಟು ಕ್ಯೂಸೆಕ್ ನೀರು ಹರಿಯುತ್ತಿದೆ ಎಂಬುದು ಕಾಣುವುದಿಲ್ಲ. ಅದಕ್ಕೆ ಗೇಜ್ ನೋಡಬೇಕು. ಆಸ್ಪತ್ರೆಯ ಸಾಮಾನ್ಯ ಎಂಆರ್‌ಐ ನಕ್ಷೆ ಇದ್ದಂತೆ. ಗೆಡ್ಡೆಯೋ ರಕ್ತಸ್ರಾವವೋ ಇದ್ದರೆ ಅದರಲ್ಲಿ ತಿಳಿಯುತ್ತದೆ. ಮಿದುಳಿನ ಹರಿವನ್ನೂ ರಾಸಾಯನಿಕವನ್ನೂ ಅಳೆಯುವ ವಿಧಾನಗಳು ಬೇರೆ.

ಅವು ಕಂಡದ್ದೇನು? 1993ರಲ್ಲಿ ಲಂಡನ್ನಿನ ಸಂಶೋಧಕರು ಇಂಥ 12 ರೋಗಿಗಳನ್ನು ದನಿ ಕೇಳಿಸುವಾಗ ಒಮ್ಮೆ, ಅದು ನಿಂತ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರು. ದನಿ ಕೇಳಿಸುವ ಹೊತ್ತಿನಲ್ಲಿ ಬ್ರೋಕಾ ಎಂಬ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿತ್ತು. ನಾವು ಮಾತಾಡಲು ಬಳಸುವ ಭಾಗವೇ ಅದು. ಬೈಗುಳ ಹುಣಸೆಮರದಿಂದ ಬರುತ್ತಿಲ್ಲ ಸ್ವಾಮಿ! 1996ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಆಂಫೆಟಮೈನ್ ಕೊಟ್ಟು ನೋಡಿತು. ರೋಗಿಗಳ ಮಿದುಳಿನಲ್ಲಿ ಡೋಪಮೈನ್ ಆರೋಗ್ಯವಂತರಿಗಿಂತ ಹೆಚ್ಚು ಬಿಡುಗಡೆಯಾಯಿತು. ತೂಬಿನ ಗೇಟು ಹೆಚ್ಚು ತೆರೆದುಕೊಂಡಂತೆ.

ಇನ್ನೊಂದು ಮನೆಯವರಿಗೆ ಬಹಳ ಮುಖ್ಯ. ಮಾತ್ರೆಯಿಂದ ಹುಡುಗನ ಕೈ ನಡುಗುತ್ತಿತ್ತು, ಅದಕ್ಕೇ "ಇದು ವಿಷ" ಎಂದು ಎಸೆದಿದ್ದರು. 2000ದಲ್ಲಿ ಟೊರಾಂಟೊದ ಸಂಶೋಧಕರು ಪೆಟ್ ಸ್ಕ್ಯಾನ್ ಬಳಸಿ ಹ್ಯಾಲೊಪೆರಿಡಾಲ್ ಔಷಧವನ್ನು ಅಳೆದರು. ಡೋಪಮೈನ್ ಗ್ರಾಹಕಗಳಲ್ಲಿ ಸುಮಾರು ಶೇ. 65ರಷ್ಟನ್ನು ಔಷಧ ಹಿಡಿದಾಗ ಗುಣ ಕಾಣುವ ಸಂಭವ ಹೆಚ್ಚು, ಶೇ. 78 ದಾಟಿದರೆ ಬಿಗಿತ, ನಡುಕದಂಥ ತೊಂದರೆಗಳ ಸಂಭವ ಹೆಚ್ಚು. ಗೇಟನ್ನು ಎಷ್ಟು ಇಳಿಸಬೇಕೆಂಬ ಲೆಕ್ಕ ಇದು. ಕೈ ನಡುಗಿದರೆ ವೈದ್ಯರ ಬಳಿ ಪ್ರಮಾಣ ಸರಿಪಡಿಸಿಕೊಳ್ಳಬೇಕು, ಮಾತ್ರೆಯನ್ನು ತಿಪ್ಪೆಗೆ ಎಸೆಯುವುದಲ್ಲ.

ಇವೆಲ್ಲ ಗುಂಪಿನ ಸರಾಸರಿಗಳು, ಒಪ್ಪುತ್ತೇನೆ. ಎಲ್ಲ ರೋಗಿಗಳಲ್ಲೂ ಡೋಪಮೈನ್ ಹೆಚ್ಚಿರುವುದಿಲ್ಲ. ಒಬ್ಬನ ಸ್ಕ್ಯಾನ್ ನೋಡಿ ಈ ರೋಗ ಇದೆ, ಇಲ್ಲ ಎನ್ನಲು ಇಂದಿಗೂ ಆಗದು; ವೈದ್ಯರು ರೋಗಿಯೊಡನೆ ಮಾತಾಡಿ, ಮನೆಯವರನ್ನು ವಿಚಾರಿಸಿಯೇ ಗುರುತಿಸುತ್ತಾರೆ. ವಿಜ್ಞಾನ ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ತಾಯಿತ ಕಟ್ಟುವವನು ಹಾಗೆ ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?

ಮಠಗಳ ಪೂಜ್ಯರಲ್ಲಿ ಒಂದು ಬಿನ್ನಹ. ಇಂಥ ಮಕ್ಕಳನ್ನು ಕರೆದುಕೊಂಡು ತಂದೆತಾಯಿ ತಮ್ಮಲ್ಲಿಗೆ ಬಂದೇ ಬರುತ್ತಾರೆ. ವೈದ್ಯರ ಮಾತಿಗಿಂತ ತಮ್ಮ ಮಾತು ಅವರಿಗೆ ದೊಡ್ಡದು. ವಿಭೂತಿ ಕೊಟ್ಟು ಕಳುಹಿಸುವಾಗ "ಮಾತ್ರೆ ತಪ್ಪಿಸಬೇಡಿ" ಎಂದು ಒಂದು ಮಾತು ಹೇಳಿ. ದಾಸೋಹದ ಗೋಡೆಯ ಮೇಲೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಬರೆಸಿ. ಕರೆ ಉಚಿತ.

ಹುಡುಗ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ವೈದ್ಯರು ಪ್ರಮಾಣ ಇಳಿಸಿದ ಮೇಲೆ ನಡುಕ ಕಡಿಮೆಯಾಗಿದೆ. ದನಿ ಆಗೊಮ್ಮೆ ಈಗೊಮ್ಮೆ ಕೇಳಿಸುವುದುಂಟು. ತಾಯಿತ ಇನ್ನೂ ತೋಳಿನಲ್ಲೇ ಇದೆ. ಅವನ ತಾಯಿಯೊಡನೆ ಅದಕ್ಕಾಗಿ ನಾನು ಜಗಳಕ್ಕೆ ಹೋಗಿಲ್ಲ. ತಿಂಗಳಿಗೊಮ್ಮೆ ಮಾತ್ರೆಯ ಚೀಟಿ ಕೇಳಿ ನೋಡುತ್ತೇನೆ.